ಇಂಗ್ಲೆಂಡಿನ ಹಳ್ಳಿಯ ಊರಮಾತು

ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕಾಲೇಜಿನಲ್ಲಿ ಅಭ್ಯಸಿಸಿದ ಅನೇಕರಿಗೆ ಲಂಡನ್ ನಗರದ ಬೀದಿಗಳಿಗಿಂತ ಮೊದಲು ಪರಿಚಯವಾಗುವುದು ಆ ದೇಶದ ಹಳ್ಳಿ. 1770ರಲ್ಲಿ ಪ್ರಕಟವಾದ ಗೋಲ್ಡ್‌ಸ್ಮಿತ್ ಕವಿಯ ‘ಡೆಸರ್ಟೆಡ್ ವಿಲೇಜ್’ ಕಾವ್ಯದ ಪಾದ್ರಿ ಮತ್ತು ಉಪಾಧ್ಯಾಯ, ಜೇನ್ ಆಸ್ಟೆನ್ನಳ ‘ಎಮ್ಮಾ’ ಕಾದಂಬರಿಯ ಹೈಬರಿ ಗ್ರಾಮದ ಗೃಹಸ್ಥರು, ಶ್ರೀಮತಿ ಗ್ಯಾಸ್ಕೆಲ್ಲಳ ‘ಕ್ರ್ಯಾನ್‌ಫರ್ಡ್’ ಎಂಬ ಪುಟ್ಟ ಊರಿನ ವಯಸ್ಸಾದ ಅವಿವಾಹಿತೆಯರು, ಇವರೆಲ್ಲರೂ ಕೂಡಿ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರವನ್ನು ನಿಲ್ಲಿಸಿಬಿಟ್ಟಿರುತ್ತಾರೆ. ಬಳ್ಳಿ ಹಬ್ಬಿದ ಕಲ್ಲಿನ ಚರ್ಚು, ಅದರ ಸಮೀಪದಲ್ಲಿ ಬಾತುಕೋಳಿಗಳು ಈಜುವ ಕೊಳ, ಸಾಯಂಕಾಲದ ಚಹಾ, ಚಹಾದೊಡನೆ ನೆರೆಯವರನ್ನು ಕುರಿತು ನಡೆಯುವ ನಿರಪಾಯವಾದ ಹರಟೆ, ಇವು ಆ ಚಿತ್ರದ ಅಂಗಗಳು. ಚಿತ್ರ ಸುಳ್ಳೆಂದು ಹೇಳತಕ್ಕದ್ದಿಲ್ಲ. ಆದರೆ ಅದನ್ನು ಬರೆದವರು ಊರಿನ ಯಾವ ಮನೆಯ ಯಾವ ಕಿಟಕಿಯಲ್ಲಿ ಕುಳಿತು ಬರೆದರು ಎಂಬುದನ್ನು ವಿಚಾರಿಸದೆ ಅದನ್ನು ಸಂಪೂರ್ಣವೆಂದು ಸ್ವೀಕರಿಸುವುದು ಯುಕ್ತವಲ್ಲ. ಇಂಗ್ಲೆಂಡಿನ ಹಳ್ಳಿಯಲ್ಲಿ ಊರಮಾತು ಕಾಲಹರಣದ ವಿನೋದ ಮಾತ್ರವಾಗಿರಲಿಲ್ಲ. ಬಹುಕಾಲ ಅದು ಆ ಊರಿನ ಅಲಿಖಿತ ಆಡಳಿತವೇ ಆಗಿತ್ತು. ಮತ್ತು ಆ ಆಡಳಿತದ ತೆರಿಗೆಯನ್ನು ಎಲ್ಲರೂ ಸಮವಾಗಿ ತೆರುತ್ತಿರಲಿಲ್ಲ.

ಊರಿನ ರಚನೆಯನ್ನು ಮೊದಲು ನೋಡಬೇಕು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳ ದಕ್ಷಿಣ ಇಂಗ್ಲೆಂಡಿನ ಸಾಧಾರಣ ಗ್ರಾಮವೊಂದರಲ್ಲಿ ಭೂಮಿಯ ಬಹುಭಾಗಕ್ಕೆ ಒಡೆಯನಾದ ಸ್ಕ್ವೈರ್ ಒಬ್ಬನಿರುತ್ತಿದ್ದನು. ಅವನಿಗೆ ಸರಿಸಮನಾಗಿ ಊಟಕ್ಕೆ ಕೂರಬಲ್ಲ ಪಾದ್ರಿಯೊಬ್ಬನಿರುತ್ತಿದ್ದನು. ಸ್ಕ್ವೈರನ ನೆಲವನ್ನು ಗೇಣಿಗೆ ಹಿಡಿದ ಕೆಲವು ಮಂದಿ ರೈತರು, ಕಮ್ಮಾರ, ಗಾಲಿ ಮಾಡುವವನು, ಗಿರಣಿಯವನು, ಅಂಗಡಿಯವನು ನಡುವೆ. ಎಲ್ಲರ ಕೆಳಗೆ, ಎಲ್ಲರಿಗಿಂತ ಹೆಚ್ಚಾದ ಸಂಖ್ಯೆಯಲ್ಲಿ, ಸ್ವಂತ ನೆಲವೆಂಬುದಿಲ್ಲದ ಕೂಲಿಗಾರರು. ಸುಮಾರು 1750ರಿಂದ 1850ರ ವರೆಗೆ ಪಾರ್ಲಿಮೆಂಟು ಅಂಗೀಕರಿಸಿದ ಸಹಸ್ರಾರು ಶಾಸನಗಳ ಮೂಲಕ ಊರೊಟ್ಟಿನ ಗೋಮಾಳಗಳೂ ಬಯಲುಗಳೂ ಬೇಲಿಯೊಳಗಾದ ಮೇಲೆ, ಹಸು ಕಟ್ಟುವ, ಸೌದೆ ಆಯುವ ಹಕ್ಕನ್ನು ಕಳೆದುಕೊಂಡ ಈ ಕೂಲಿಗಾರನಿಗೆ ಉಳಿದದ್ದು ವಾರದ ಸಂಬಳವೊಂದೇ. ಅವನಿದ್ದ ಮನೆಯೂ ಅನೇಕ ಕಡೆ ಯಜಮಾನನದೇ ಆಗಿದ್ದು, ಕೆಲಸ ಹೋದರೆ ಮನೆಯೂ ಹೋಗುವಂತಿತ್ತು.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಸಮಾಜದಲ್ಲಿ ಮಾತಿಗೂ ಸ್ಥಾನಗಳು ಗೊತ್ತಾಗಿದ್ದವು. ಗಂಡಸರ ಮಾತು ಪಬ್ಬಿನಲ್ಲಿ, ಇಲ್ಲವೆ ಕುದುರೆಗೆ ಲಾಳ ಕಟ್ಟುವುದನ್ನು ಕಾಯುವ ನೆಪದಿಂದ ಕಮ್ಮಾರನ ಕುಲುಮೆಯ ಬಳಿ. ಹೆಂಗಸರದು ನೀರು ಸೇದುವ ಬಾವಿಯ ಹತ್ತಿರ, ಅಂಗಡಿಯ ಮುಂದೆ, ಮನೆಗೆಲಸ ಮುಗಿದ ಮಧ್ಯಾಹ್ನ ಬಾಗಿಲ ಹೊಸ್ತಿಲಲ್ಲಿ. ಗೃಹಸ್ಥ ವರ್ಗದವರದು ಒಬ್ಬರ ಮನೆಗೆ ಒಬ್ಬರು ಕ್ರಮವಾಗಿ ನೀಡುವ ಭೇಟಿಗಳಲ್ಲಿ. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಮಾತ್ರ ಈ ಮೂರು ಪ್ರವಾಹಗಳೂ ಒಂದು ಗಳಿಗೆ ಸಂಧಿಸುತ್ತಿದ್ದವು. ಉಳಿದ ದಿನಗಳಲ್ಲಿ ಒಂದರ ನೀರನ್ನು ಇನ್ನೊಂದಕ್ಕೆ ಸಾಗಿಸುತ್ತಿದ್ದವರು ಮನೆಯಾಳುಗಳು. ದೊಡ್ಡಮನೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗಿ ಕೂಲಿಗಾರನ ಮಗಳಾದುದರಿಂದ ಸ್ಕ್ವೈರನ ಮನೆಯ ಜಗಳ ಮರುದಿನವೇ ಕೂಲಿಗಾರನ ಒಲೆಯ ಮುಂದೆ ಪುನರಭಿನೀತವಾಗುತ್ತಿತ್ತು. ಕೂಲಿಗಾರನ ಮನೆಯ ಮಾತೂ ಆ ಹುಡುಗಿಯ ಮೂಲಕವೇ ಮೇಲಕ್ಕೆ ಏರುತ್ತಿತ್ತು. ವ್ಯತ್ಯಾಸವಿದ್ದುದು ಪರಿಣಾಮದಲ್ಲಿ. ಕೆಳಗಿಳಿದ ಸುದ್ದಿ ನಗೆಗೆ ಕಾರಣವಾಗುತ್ತಿತ್ತು. ಮೇಲಕ್ಕೇರಿದ ಸುದ್ದಿ ಕೆಲಸ ಕಳೆಯಬಹುದಾಗಿತ್ತು.

ಈ ಮಾತಿಗೆ ಕಾನೂನಿನ ಬಲವೂ ಇತ್ತೆಂಬುದನ್ನು ಹೊರಗಿನವರು ಸಾಮಾನ್ಯವಾಗಿ ಅರಿಯರು. ಮಧ್ಯಯುಗದಿಂದ ಬಂದ ಚರ್ಚಿನ ನ್ಯಾಯಾಲಯಗಳಲ್ಲಿ ವ್ಯಭಿಚಾರ, ಕುಡುಕತನ, ಪ್ರಾರ್ಥನೆಗೆ ಗೈರುಹಾಜರಿ ಮುಂತಾದ ಅಪರಾಧಗಳ ವಿಚಾರಣೆಗೆ ಕಣ್ಣಾರೆ ಕಂಡ ಸಾಕ್ಷಿಯೇ ಬೇಕೆಂದಿರಲಿಲ್ಲ. ಇಂಥವನು ಇಂಥ ತಪ್ಪು ಮಾಡಿದನೆಂಬ ಮಾತು ಊರಲ್ಲಿ ಹಬ್ಬಿದ್ದರೆ, ಆ ಜನಾಪವಾದವೇ ಅವನನ್ನು ಕರೆಸಲು ಸಾಕಾಗುತ್ತಿತ್ತು. ಊರಿನವರೇ ಆದ ಚರ್ಚ್‌ವಾರ್ಡನ್ನರು ಅಂಥವರ ಹೆಸರುಗಳನ್ನು ಬರೆದು ಒಪ್ಪಿಸಬೇಕಾಗಿತ್ತು. ಆರೋಪಿಯು ತನ್ನನ್ನು ನಿರ್ದೋಷಿಯೆಂದು ಸ್ಥಾಪಿಸಿಕೊಳ್ಳುವ ಕ್ರಮವೂ ಇದಕ್ಕೆ ಅನುಗುಣವಾಗಿತ್ತು: ತನ್ನ ಮಾತನ್ನು ನಂಬುವೆವೆಂದು ಪ್ರಮಾಣ ಮಾಡಬಲ್ಲ ನೆರೆಯವರನ್ನು ಅವನು ಕರೆತರಬೇಕು. ಹಾಗೆ ತರಲಾರದವನು ಬಿಳಿಯ ವಸ್ತ್ರವನ್ನು ಹೊದ್ದು, ಬರಿಗಾಲಲ್ಲಿ, ಸಭೆಯೆಲ್ಲ ನೋಡುತ್ತಿರಲು ಚರ್ಚಿನಲ್ಲಿ ನಿಂತು ತಪ್ಪೊಪ್ಪಿಕೊಳ್ಳುವುದೇ ಪ್ರಾಯಶ್ಚಿತ್ತ. ಆದುದರಿಂದ ಒಳ್ಳೆಯ ಹೆಸರೆಂಬುದು ಅಲಂಕಾರವಾಗಿರದೆ ರಕ್ಷಣೆಯಾಗಿತ್ತು. ತಮ್ಮ ಶೀಲವನ್ನು ಕುರಿತು ಬೀದಿಯಲ್ಲಿ ಆಡಿದ ಮಾತಿಗಾಗಿ ಹೆಂಗಸರು ಅದೇ ನ್ಯಾಯಾಲಯಗಳಲ್ಲಿ ಮಾನನಷ್ಟದ ದಾವೆ ಹೂಡುತ್ತಿದ್ದುದು ಆಶ್ಚರ್ಯವಲ್ಲ. ಚರ್ಚಿನ ನ್ಯಾಯಾಲಯಗಳಿಗೆ ಈ ದಾವೆಗಳ ಮೇಲಿದ್ದ ಅಧಿಕಾರ 1855ರಲ್ಲಿ ಹೋಯಿತು. ಸಿವಿಲ್ ನ್ಯಾಯಾಲಯಗಳಲ್ಲಿ ಹೆಂಗಸು ತನಗಾದ ಹಣದ ನಷ್ಟವನ್ನು ಸ್ಥಾಪಿಸದೆಯೇ ಇಂಥ ದಾವೆ ಹೂಡಲು ಅವಕಾಶವಾದುದು 1891ರ ಶಾಸನದಿಂದ. ನಡುವಣ ಮೂವತ್ತಾರು ವರ್ಷ ಬಡಹೆಂಗಸಿನ ಮಾನಕ್ಕೆ ಕಾನೂನಿನ ಆಶ್ರಯ ಪ್ರಾಯಶಃ ಇರಲೇ ಇಲ್ಲವೆನ್ನಬೇಕು.

ಬಡವರ ಪೋಷಣೆಯ ಕಾಯಿದೆ ಊರಮಾತಿಗೆ ಇನ್ನೂ ಸಮೀಪದ್ದು. 1601ರ ಶಾಸನದಂತೆ ಪ್ರತಿಯೊಂದು ಗ್ರಾಮವೂ ತನ್ನ ಬಡವರನ್ನು ತಾನೇ ಸಾಕಬೇಕಾಗಿದ್ದು, ಅದರ ಖರ್ಚು ಗ್ರಾಮದ ಮನೆ ಭೂಮಿಗಳ ಮೇಲೆ ತೆರಿಗೆಯಾಗಿ ಬೀಳುತ್ತಿತ್ತು. 1662ರ ಇನ್ನೊಂದು ಶಾಸನ, ಮುಂದೆ ಊರಿಗೆ ಹೊರೆಯಾಗಬಹುದೆಂದು ಕಂಡ ಪರವೂರಿನವನನ್ನು ಅವನ ಊರಿಗೆ ಹಿಂದಟ್ಟುವ ಅಧಿಕಾರವನ್ನು ಕೊಟ್ಟಿತು. ಹೀಗಿರುವಾಗ ಯಾರ ಮನೆಗೆ ಹೊಸಬರು ಬಂದರು, ಯಾರು ಕೆಲಸವಿಲ್ಲದೆ ಕುಳಿತರು, ಯಾವ ಮದುವೆಯಾಗದ ಹುಡುಗಿಯ ಮೈ ತುಂಬುತ್ತಿದೆ ಎಂಬ ವಿಚಾರಗಳು ತೆರಿಗೆ ಕೊಡುವವನಿಗೆ ಕುತೂಹಲದ ಸಂಗತಿಗಳಾಗಿರಲಿಲ್ಲ; ಜೇಬಿನ ಸಂಗತಿಗಳಾಗಿದ್ದವು. 1733ರ ಶಾಸನದ ಪ್ರಕಾರ ತಂದೆಯೆಂದು ಹೆಸರಿಸಲ್ಪಟ್ಟವನನ್ನು ಹಿಡಿದು, ಮಗುವಿನ ಖರ್ಚಿಗೆ ಜಾಮೀನು ಕೊಡದಿದ್ದರೆ ಸೆರೆಗೆ ಹಾಕಬಹುದಾಗಿತ್ತು. ಮದುವೆ ಮಾಡಿಸಿಬಿಟ್ಟರೆ ಊರಿನ ಖರ್ಚು ಉಳಿಯಿತು.

ನಾರ್ಫೋಕಿನ ವೆಸ್ಟನ್ ಲಾಂಗ್‌ವಿಲ್ ಎಂಬ ಊರಿನಲ್ಲಿ 1776ರಿಂದ ನೆಲಸಿದ್ದ ಜೇಮ್ಸ್ ವುಡ್‌ಫೋರ್ಡ್ ಎಂಬ ಪಾದ್ರಿಯು ತನ್ನ ದಿನಚರಿಯಲ್ಲಿ ಇಂಥದೊಂದು ಮದುವೆಯನ್ನು ದಾಖಲೆ ಮಾಡಿದ್ದಾನೆ. 1787ರ ಜನವರಿಯಲ್ಲಿ ನೆರೆಯೂರಿಗೆ ಹೋಗಿ ಆತನು ಮಾಡಿಸಿದ ಆ ವಿವಾಹದ ವರ, ಅಧಿಕಾರಿಗಳ ವಶದಲ್ಲಿದ್ದ ಬಂದಿ, ವಧು ಗರ್ಭಿಣಿ. ಚರ್ಚಿನ ಅಂಗಳದಲ್ಲಿ ಬಹಳ ಹೊತ್ತು ಒಲ್ಲೆನೆಂದು ನಿಂತ ವರ, ಒಳಗೆ ಬಂದಮೇಲೂ ಮರ್ಯಾದೆಯಿಂದ ನಡೆದುಕೊಳ್ಳಲಿಲ್ಲ. ಕಾನೂನಿನಿಂದ ಒಬ್ಬನನ್ನು ಮದುವೆಗೆ ಬಲವಂತಪಡಿಸುವುದು ಕ್ರೂರವೆಂದು ವುಡ್‌ಫೋರ್ಡ್ ಬರೆದುಕೊಂಡನು. ತನಗೆ ಬರತಕ್ಕ ದಕ್ಷಿಣೆಯನ್ನೂ ಬರೆದುಕೊಂಡನು. ಈ ಮನುಷ್ಯನ ದಿನಚರಿ ನನಗೆ ಪ್ರಿಯವಾದುದು ಇಂಥ ನಿಷ್ಕಪಟತೆಯಿಂದಲೇ. ಏನು ಉಂಡೆ, ಇಸ್ಪೀಟಿನಲ್ಲಿ ಎಷ್ಟು ಗೆದ್ದೆ, ಯಾರಿಗೆ ಎಷ್ಟು ಪೆನ್ಸ್ ಕೊಟ್ಟೆ ಎಂಬುದನ್ನೆಲ್ಲ ಆತನು ಒಂದೇ ಸಮನಾದ ಧ್ವನಿಯಲ್ಲಿ ಬರೆಯುತ್ತಾನೆ. 1777ರಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ, ಮನೆಯವರು ಮಲಗಲು ಹೊರಟಾಗ, ಕಿಟಕಿಯ ಕೆಳಗೆ ಸಿಳ್ಳು ಕೇಳಿ ಎಲ್ಲರೂ ಬೆದರಿದರು. ಬಂದವನು ಸುಂಕ ತಪ್ಪಿಸಿದ ಆರು ಪೌಂಡು ಚಹಾ ತಂದ ಕಳ್ಳಸಾಗಣೆಗಾರ. ಪಾದ್ರಿ ಅವನಿಗೆ ಜಿನ್ ಕುಡಿಸಿ, ಹಣ ಎಣಿಸಿ ಕೊಟ್ಟನು. ಇಂಥ ಗುಟ್ಟು ಊರಿಗೆ ತಿಳಿಯದಿರುವುದುಂಟೆ? ತಿಳಿದರೂ ಪಾದ್ರಿಗೆ ಯಾವ ಕೇಡೂ ಬರಲಿಲ್ಲ. ಅದೇ ಊರಮಾತು, ಒಳಗಾದವರು ಇಬ್ಬರು. ಒಬ್ಬನಿಗೆ ಬಂಧನದ ಮದುವೆ, ಇನ್ನೊಬ್ಬನಿಗೆ ಅಗ್ಗದ ಚಹಾ.

ಊರಮಾತು ಕೊಲೆಯವರೆಗೂ ಹೋದುದುಂಟು. ಮಾಟದ ಅಪರಾಧವನ್ನು ಪಾರ್ಲಿಮೆಂಟು 1736ರಲ್ಲಿ ಕಾನೂನಿನ ಪುಸ್ತಕದಿಂದ ತೆಗೆದುಹಾಕಿತು. ಜನರ ಬಾಯಿಂದ ತೆಗೆದುಹಾಕಲು ಅದಕ್ಕೆ ಶಕ್ತಿಯಿರಲಿಲ್ಲ. ಹರ್ಟ್‌ಫರ್ಡ್‌ಷೈರಿನ ಟ್ರಿಂಗ್ ಪಟ್ಟಣದ ಸಮೀಪದಲ್ಲಿ ರೂತ್ ಆಸ್‌ಬೋರ್ನ್ ಎಂಬ ಬಡ ವೃದ್ಧೆ ಒಬ್ಬನಲ್ಲಿ ಮಜ್ಜಿಗೆ ಬೇಡಿ ಇಲ್ಲವೆನಿಸಿಕೊಂಡಳಂತೆ. ಆಮೇಲೆ ಅವನ ದನಗಳಿಗೂ ಅವನಿಗೂ ರೋಗ ಬಂದಿತು. ಮಾತು ಬೆಳೆಯಿತು. 1751ರಲ್ಲಿ, ಮುಂದಾಗಿಯೇ ಸುತ್ತಣ ಪೇಟೆಗಳಲ್ಲಿ ಡಂಗುರ ಸಾರಿಸಿ ನೆರೆದ ಗುಂಪು ಆಕೆಯನ್ನೂ ಆಕೆಯ ಗಂಡನನ್ನೂ ಎಳೆದೊಯ್ದು ಕೊಳದಲ್ಲಿ ಅದ್ದಿತು, ಆಕೆ ಸತ್ತಳು. ಗುಂಪಿನ ಮುಂದಾಳನ್ನು ಗಲ್ಲಿಗೇರಿಸಲಾಯಿತು. ಬೇಡಿದವಳಿಗೆ ಇಲ್ಲವೆಂದವನು ತನ್ನ ಮನಸ್ಸಿನ ಚುಚ್ಚನ್ನು ಆಕೆಯ ದೋಷವನ್ನಾಗಿ ಮಾರ್ಪಡಿಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಕೀತ್ ಥಾಮಸ್ 1971ರ ತನ್ನ ಗ್ರಂಥದಲ್ಲಿ ಮಾಟದ ಆರೋಪಗಳನ್ನು ವಿವರಿಸಿದ್ದಾನೆ. ಈ ವಿವರಣೆ ಎಲ್ಲ ಪ್ರಕರಣಗಳಿಗೂ ಹೊಂದದಿರಬಹುದು. ರೂತ್ ಆಸ್‌ಬೋರ್ನಳದಕ್ಕೆ ಮಾತ್ರ ಅಕ್ಷರಶಃ ಹೊಂದುತ್ತದೆ.

ಹೆಂಡತಿಯಿಂದ ಏಟು ತಿಂದ ಗಂಡನ ಅಥವಾ ಜಾರತನಕ್ಕೆ ಹೆಸರಾದವರ ಮನೆಯ ಮುಂದೆ ರಾತ್ರಿ ತಗಡು ತಪ್ಪಲೆಗಳನ್ನು ಬಡಿದು, ಗೊಂಬೆ ಕಟ್ಟಿ ಮೆರವಣಿಗೆ ಮಾಡುವ ರೂಢಿಯೂ ಅನೇಕ ಕಡೆ ಇತ್ತು. ಹಾರ್ಡಿಯ ‘ಮೇಯರ್ ಆಫ್ ಕಾಸ್ಟರ್‌ಬ್ರಿಜ್’ ಕಾದಂಬರಿಯನ್ನು ಓದಿದವರು ಅದರ ಭೀಕರತೆಯನ್ನು ಮರೆಯಲಾರರು. ಬಾಯಿಬಡಕಿಯೆನಿಸಿಕೊಂಡ ಹೆಂಗಸನ್ನು ಕುರ್ಚಿಗೆ ಕಟ್ಟಿ ನೀರಿನಲ್ಲಿ ಅದ್ದುವ ಶಿಕ್ಷೆ ಹೆರಿಫರ್ಡ್‌ಷೈರಿನ ಲೆಮ್‌ಸ್ಟರಿನಲ್ಲಿ 1809ರಲ್ಲಿ ನಡೆಯಿತು. ಆ ಕುರ್ಚಿ ಅಲ್ಲಿನ ಚರ್ಚಿನಲ್ಲಿ ಇಂದೂ ಇದೆ. ಜಗಳಗಂಟಿತನವೆಂಬ ಅಪರಾಧ ಇಂಗ್ಲೆಂಡಿನ ಕಾನೂನಿನಿಂದ ಹೋದುದು 1967ರಲ್ಲಿ. ಗಂಡಸಿಗೆ ಅದು ಅನ್ವಯಿಸುತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನು ನೋಡಿದ ಮೇಲೆ ಸಾಹಿತ್ಯದ ಕಡೆಗೆ ತಿರುಗಿದರೆ ಹವೆಯೇ ಬದಲಾದಂತೆ ತೋರುತ್ತದೆ. ಹಳ್ಳಿಯ ಪ್ರಬಂಧವೆಂಬ ಪ್ರಕಾರಕ್ಕೆ ಇಂಗ್ಲೆಂಡಿನಲ್ಲಿ ಪ್ರಸಿದ್ಧಿ ತಂದವಳು ಮೇರಿ ರಸೆಲ್ ಮಿಟ್‌ಫರ್ಡ್. ರೆಡಿಂಗ್ ಪಟ್ಟಣದ ಸಮೀಪದ ಥ್ರೀ ಮೈಲ್ ಕ್ರಾಸ್ ಎಂಬ ಹಳ್ಳಿಯನ್ನು ಕುರಿತ ಆಕೆಯ ‘ಅವರ್ ವಿಲೇಜ್’ 1824ರಿಂದ 1832ರ ವರೆಗೆ ಐದು ಸಂಪುಟಗಳಲ್ಲಿ ಬಂದಿತು. ಆ ಪ್ರಬಂಧಗಳಲ್ಲಿ ಬಿಸಿಲು ಎಂದೂ ಹೋಗುವುದಿಲ್ಲ. ಕ್ರಿಕೆಟ್ ಪಂದ್ಯ, ಕಾಡುಹೂವು, ನಾಯಿ, ನೆರೆಯವರ ಪ್ರೇಮಪ್ರಸಂಗ, ಎಲ್ಲವೂ ಹಿತವಾಗಿ ಹರಿಯುತ್ತವೆ. ಆಕೆಯ ಸ್ವಂತ ಬಾಳು ಹಾಗಿರಲಿಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಆಕೆ ಆರಿಸಿದ ಲಾಟರಿ ಚೀಟಿಗೆ 20,000 ಪೌಂಡು ಬಂದಿತು. ತಂದೆ ಅದನ್ನು ಜೂಜಿನಲ್ಲಿಯೂ ದುಂದಿನಲ್ಲಿಯೂ ಕರಗಿಸಿದನು. ಅವನ ಸಾಲಕ್ಕಾಗಿ ಆಕೆ ಬರೆದು ಬರೆದು ದುಡಿದಳು. ಊರಿನವರೆಲ್ಲರಿಗೂ ತಿಳಿದಿದ್ದ ಈ ಸಂಗತಿಗೆ ಊರನ್ನು ಕುರಿತ ಆ ಪುಸ್ತಕದಲ್ಲಿ ಸ್ಥಾನವಿಲ್ಲ. ಆ ಸಂಪುಟಗಳು ಹೊರಬರುತ್ತಿದ್ದಾಗಲೇ, 1830ರಲ್ಲಿ, ಬರ್ಕ್‌ಷೈರನ್ನೂ ಒಳಗೊಂಡು ದಕ್ಷಿಣದ ಹಳ್ಳಿಗಳಲ್ಲಿ ಕೂಲಿಗಾರರು ಒಕ್ಕಣೆಯ ಯಂತ್ರಗಳನ್ನು ಒಡೆದರು. ‘ಕ್ಯಾಪ್ಟನ್ ಸ್ವಿಂಗ್’ ಎಂಬ ಸಹಿಯ ಬೆದರಿಕೆಯ ಕಾಗದಗಳು ರೈತರಿಗೆ ಬಂದವು. ಅಂಥ ಮನುಷ್ಯನೇ ಇರಲಿಲ್ಲ. ಊರೂರಿನ ಪಿಸುಮಾತು ಅವನನ್ನು ಸೃಷ್ಟಿಸಿತ್ತು. ಈ ದಂಗೆಗಾಗಿ 19 ಮಂದಿಯನ್ನು ಗಲ್ಲಿಗೇರಿಸಿ 400ಕ್ಕೂ ಹೆಚ್ಚು ಮಂದಿಯನ್ನು ಆಸ್ಟ್ರೇಲಿಯದ ಕಡೆಗೆ ಸಾಗಿಸಿದರು.

ಆಸ್ಟೆನ್ನಳ ದೃಷ್ಟಿ ಮಿಟ್‌ಫರ್ಡಳದಕ್ಕಿಂತ ತೀಕ್ಷ್ಣವಾದುದು. 1815ರ ಕೊನೆಯಲ್ಲಿ ಹೊರಬಂದ ‘ಎಮ್ಮಾ’ ಕಾದಂಬರಿಯ ಮಿಸ್ ಬೇಟ್ಸ್ ಬಾಯಿ ಮುಚ್ಚದ ಹೆಂಗಸೆಂದು ಓದುಗರು ನಗುತ್ತಾರೆ. ಆದರೆ ಆಕೆ ಹಿಂದಿನ ಪಾದ್ರಿಯ ಮಗಳು, ತಂದೆ ಸತ್ತ ಮೇಲೆ ಬಡವಾದವಳು, ನೆರೆಯವರು ಕಳಿಸುವ ಹಂದಿಮಾಂಸದ ತುಂಡಿಗೂ ಸೇಬಿನ ಬುಟ್ಟಿಗೂ ಕೃತಜ್ಞಳಾಗಿರಬೇಕಾದವಳು. ಸುದ್ದಿಯನ್ನು ಮನೆಯಿಂದ ಮನೆಗೆ ಒಯ್ಯುವುದೊಂದೇ ಆಕೆ ಊರಿಗೆ ಪ್ರತಿಯಾಗಿ ಸಲ್ಲಿಸಬಲ್ಲ ಸೇವೆ. ಬಾಕ್ಸ್ ಹಿಲ್ಲಿನ ಸಂತೋಷಕೂಟದಲ್ಲಿ ಧನಿಕಳಾದ ಎಮ್ಮಾ ಆಕೆಯ ಮಾತುಗಾರಿಕೆಯನ್ನು ಹಾಸ್ಯಮಾಡಿದಾಗ, ನೆರೆಯ ಜಮೀನುದಾರ ನೈಟ್ಲಿ ಎಮ್ಮಾಳನ್ನು ಖಂಡಿಸುವುದು ಹಾಸ್ಯ ತಪ್ಪೆಂಬುದಕ್ಕಲ್ಲ, ಮಿಸ್ ಬೇಟ್ಸ್ ಬಡವಳೆಂಬುದಕ್ಕೆ. ಹರಟೆಯ ಅರ್ಥಶಾಸ್ತ್ರವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ ಇನ್ನೊಂದು ಸನ್ನಿವೇಶ ಆ ಸಾಹಿತ್ಯದಲ್ಲಿ ನನಗೆ ಕಾಣದು.

ಕೆಳಗಿನಿಂದ ನೋಡಿದ ಚಿತ್ರ ಬರಲು ಇನ್ನೂ ನೂರಿಪ್ಪತ್ತು ವರ್ಷಕ್ಕೂ ಮೇಲೆ ಬೇಕಾಯಿತು. 1876ರಲ್ಲಿ ಆಕ್ಸ್‌ಫರ್ಡ್‌ಷೈರಿನ ಜೂನಿಪರ್ ಹಿಲ್ ಎಂಬ ಕುಗ್ರಾಮದಲ್ಲಿ ಕಲ್ಲುಕುಟಿಗನ ಮಗಳಾಗಿ ಹುಟ್ಟಿದ ಫ್ಲೋರಾ ಥಾಮ್ಸನ್ 1939ರಲ್ಲಿ ‘ಲಾರ್ಕ್ ರೈಸ್’ ಪ್ರಕಟಿಸಿದಳು. ವಾರಕ್ಕೆ ಹತ್ತು ಷಿಲಿಂಗ್ ಸಂಬಳದಲ್ಲಿ ತುಂಬಿದ ಸಂಸಾರವನ್ನು ಸಾಗಿಸುವ ಮನೆಗಳು, ಅರ್ಧ ಪೈಂಟ್ ಬಿಯರನ್ನು ಇಡೀ ಸಂಜೆ ಹೀರುತ್ತ ಕುಳಿತ ಗಂಡಸರು, ಒಬ್ಬರ ಮನೆಯಿಂದ ಒಬ್ಬರು ಸಕ್ಕರೆ ಚಹಾಪುಡಿ ಕಡ ತರುವ ಹೆಂಗಸರು ಇಲ್ಲಿ ಬರುತ್ತಾರೆ. ಇಲ್ಲಿಯೂ ಹರಟೆಯಿದೆ, ಧಾರಾಳವಾಗಿಯೇ ಇದೆ. ಆದರೆ ಅದರ ಬುಡದಲ್ಲಿ ಒಂದು ಲೆಕ್ಕಾಚಾರವಿದೆ. ಇಂದು ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಹೆರಿಗೆ ಎಂದು ತಿಳಿದವರೇ ನಾಳೆ ಆ ಮನೆಗೆ ಸಹಾಯಕ್ಕೆ ಹೋಗುವವರು. ವಿಮೆಯೂ ಆಸ್ಪತ್ರೆಯೂ ಇಲ್ಲದ ಜನಕ್ಕೆ ನೆರೆಯವರ ಕುತೂಹಲವನ್ನು ಸಹಿಸಿಕೊಳ್ಳುವುದೇ ಸಹಾಯ ಪಡೆಯಲು ತೆರಬೇಕಾದ ಬೆಲೆ.

ಅಂಚೆಮನೆಯಿಂದ ಈ ವ್ಯವಸ್ಥೆಗೆ ಒಂದು ಹೊಸ ಅಧ್ಯಾಯ ಸೇರಿತು. 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದು, 1870ರಲ್ಲಿ ಅರ್ಧ ಪೆನ್ನಿಯ ಕಾರ್ಡು ಬಂದ ಮೇಲೆ, ಹಳ್ಳಿಯ ಸುದ್ದಿಯೆಲ್ಲ ಒಬ್ಬ ಅಂಚೆಯಮ್ಮನ ಕೈಯ ಮೂಲಕ ಹಾಯತೊಡಗಿತು. ಥಾಮ್ಸನ್ ತಾನೇ ಹದಿಹರೆಯದಲ್ಲಿ ಫ್ರಿಂಗ್‌ಫರ್ಡ್ ಎಂಬ ಊರಿನ ಅಂಚೆಮನೆಯಲ್ಲಿ ಸಹಾಯಕಳಾಗಿದ್ದಳು. ಆಕೆಯ ಕಥನದಲ್ಲಿ ಲಾರಾ ಎಂಬ ಹುಡುಗಿ ಕೆಲಸಕ್ಕೆ ಸೇರುವಾಗ, ಕಾಗದಗಳ ಗೋಪ್ಯವನ್ನು ಕಾಪಾಡುವೆನೆಂದು ಊರಿನ ಸ್ಕ್ವೈರನೇ ಆದ ಮ್ಯಾಜಿಸ್ಟ್ರೇಟನ ಮುಂದೆ ಪ್ರತಿಜ್ಞೆಗೆ ಸಹಿ ಹಾಕಬೇಕಾಗುತ್ತದೆ. ಕಾರ್ಡನ್ನು ಓದದೆ ಮುದ್ರೆಯೊತ್ತುವುದು ಮನುಷ್ಯಸಾಧ್ಯವೋ ಎಂಬುದು ಬೇರೆ ಪ್ರಶ್ನೆ.

ಅಂಚೆ ತಂದ ಇನ್ನೊಂದು ವಿಷ ಹೆಸರಿಲ್ಲದ ಕಾಗದ. ಬಾಯಿಂದ ಆಡಿದ ಮಾತಿಗೆ ಆಡಿದವರ ಮುಖವಿರುತ್ತಿತ್ತು. ಕಾಗದಕ್ಕೆ ಅದೂ ಇಲ್ಲ. ಹಳ್ಳಿಯಲ್ಲದೆ ಸಸೆಕ್ಸಿನ ಸಣ್ಣ ಕಡಲಪಟ್ಟಣವಾದ ಲಿಟಲ್‌ಹ್ಯಾಂಪ್ಟನ್ನಿನಲ್ಲಿ ನಡೆದರೂ, 1920ರ ಬಳಿಕದ ಪ್ರಕರಣವೊಂದು ಇಲ್ಲಿ ಪ್ರಸ್ತುತ. ಅಶ್ಲೀಲ ಪತ್ರಗಳನ್ನು ಬರೆದಳೆಂದು ರೋಸ್ ಗುಡಿಂಗ್ ಎಂಬ ಹೆಂಗಸು ಎರಡು ಬಾರಿ ಸೆರೆಮನೆಗೆ ಹೋದಳು. ಗುಪ್ತ ಗುರುತು ಹಾಕಿದ ಅಂಚೆಚೀಟಿಗಳ ಸಹಾಯದಿಂದ 1923ರಲ್ಲಿ ಸ್ಥಾಪಿತವಾದುದೇನೆಂದರೆ, ಬರೆದವಳು ದೂರು ಕೊಟ್ಟ ನೆರೆಮನೆಯ ಈಡಿತ್ ಸ್ವಾನಳೇ. ಸ್ವಾನ್ ಮರ್ಯಾದಸ್ಥಳೆಂದು ಹೆಸರಾಗಿದ್ದಳು. ಗುಡಿಂಗಳ ಸಂಸಾರವನ್ನು ಕುರಿತು ಜನ ಆಡಿಕೊಳ್ಳುತ್ತಿದ್ದರು. ನ್ಯಾಯಾಧೀಶರು ಮೊದಲು ನಂಬಿದ್ದು ಸಾಕ್ಷ್ಯವನ್ನಲ್ಲ, ಆ ಹೆಸರನ್ನು. ಅಗಾಥಾ ಕ್ರಿಸ್ಟಿ 1927ರ ಸಣ್ಣಕಥೆಯಿಂದ ಮೊದಲುಗೊಂಡು ಸೇಂಟ್ ಮೇರಿ ಮೀಡ್ ಗ್ರಾಮದ ವೃದ್ಧೆ ಮಿಸ್ ಮಾರ್ಪಲಳ ಮೂಲಕ ಊರಮಾತನ್ನು ಸತ್ಯಶೋಧನೆಯ ಸಾಧನವನ್ನಾಗಿ ಮಾಡಿದಳು. ಕಿಟಕಿಯ ಪರದೆಯ ಹಿಂದಿನ ಕಣ್ಣು ಅಲ್ಲಿ ಎಂದೂ ತಪ್ಪುವುದಿಲ್ಲ. ಲಿಟಲ್‌ಹ್ಯಾಂಪ್ಟನ್ನಿನಲ್ಲಿ ಅದು ತಪ್ಪಿತು.

ವಿದ್ವಾಂಸರ ವಾದವನ್ನು ಬೇಗ ಮುಗಿಸಬಹುದು. ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ 1963ರ ಪ್ರಬಂಧದಲ್ಲಿ, ಹರಟೆ ಸಮುದಾಯವನ್ನು ಒಟ್ಟಿಗೆ ಹಿಡಿದಿಡುವುದೆಂದೂ ಒಬ್ಬರನ್ನೊಬ್ಬರು ಆಡಿಕೊಳ್ಳುವ ಹಕ್ಕು ಆ ಗುಂಪಿನವರಿಗೆ ಮಾತ್ರ ಸಲ್ಲುವುದೆಂದೂ ವಾದಿಸಿದನು. ನಾಲ್ಕು ವರ್ಷಗಳ ತರುವಾಯ ರಾಬರ್ಟ್ ಪೇನ್, ಸಮುದಾಯ ಹರಟುವುದಿಲ್ಲ, ವ್ಯಕ್ತಿಗಳು ಹರಟುತ್ತಾರೆ, ತಂತಮ್ಮ ಪ್ರಯೋಜನಕ್ಕಾಗಿ ಹರಟುತ್ತಾರೆ ಎಂದು ಉತ್ತರ ಕೊಟ್ಟನು. ಆಕ್ಸ್‌ಫರ್ಡಿನಲ್ಲಿ ಇದೇ ವಿದ್ಯೆಯನ್ನು ಕಲಿತು, 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯಲ್ಲಿ ನೆಲಸಿದ ನಮ್ಮ ಎಂ. ಎನ್. ಶ್ರೀನಿವಾಸರು ತಮ್ಮ ‘ರಿಮೆಂಬರ್ಡ್ ವಿಲೇಜ್’ ಗ್ರಂಥದಲ್ಲಿ ಸಿದ್ಧಾಂತಕ್ಕಿಂತ ಹೆಚ್ಚಾಗಿ ಮನುಷ್ಯರನ್ನೇ ಚಿತ್ರಿಸಿದ್ದಾರೆ. ಊರಮಾತಿನ ಸ್ವಭಾವ ಅದರಿಂದಲೇ ಹೆಚ್ಚು ತಿಳಿಯುತ್ತದೆ. ಪೇನ್ ಸತ್ಯಕ್ಕೆ ಹತ್ತಿರದವನೆಂದು ನನ್ನ ಅಭಿಪ್ರಾಯ. ಆದರೆ ಹರಟುವ ಆ ವ್ಯಕ್ತಿಗಳಲ್ಲಿ ಯಾರ ಮನೆ ಯಾರದೆಂಬುದನ್ನು ಗ್ಲಕ್‌ಮನ್, ಪೇನ್ ಇಬ್ಬರೂ ಸಾಕಷ್ಟು ಕೇಳಲಿಲ್ಲ.

ಕೂಲಿಗಾರನ ಮಾತು ಮೇಲಕ್ಕೆ ತಿರುಗಿ ಅಸ್ತ್ರವಾದ ದಿನವೂ ಒಂದು ಬಂದಿತು. 1872ರ ಫೆಬ್ರವರಿಯಲ್ಲಿ ವಾರಿಕ್‌ಷೈರಿನ ವೆಲ್ಸ್‌ಬೋರ್ನ್ ಎಂಬ ಊರಿನ ಚೆಸ್ಟ್‌ನಟ್ ಮರದಡಿ ಕೂಲಿಗಾರರ ಮುಂದಾಳು ಜೋಸೆಫ್ ಆರ್ಚ್ ಭಾಷಣ ಮಾಡುತ್ತಾನೆಂಬ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಕೆಲವೇ ಮಂದಿಯನ್ನು ನಿರೀಕ್ಷಿಸಿದ್ದ ಆತನ ಮುಂದೆ ಕತ್ತಲಲ್ಲಿ ದೀಪ ಹಿಡಿದು ಭಾರಿ ಸಂಖ್ಯೆಯ ಜನ ನೆರೆದರು. ಕೃಷಿಕಾರ್ಮಿಕರ ಸಂಘ ಅದೇ ವರ್ಷ ಹುಟ್ಟಿತು. 1894ರಲ್ಲಿ ಚುನಾಯಿತ ಗ್ರಾಮಸಭೆಗಳು ಬಂದವು. 1915ರಿಂದ ಮಹಿಳಾ ಸಂಸ್ಥೆಗಳು ಹರಡಿ, ಪಾದ್ರಿಯ ಹೆಂಡತಿಯೂ ಕೂಲಿಗಾರನ ಹೆಂಡತಿಯೂ ಒಂದೇ ಮೇಜಿನಲ್ಲಿ ಕುಳಿತು ಹಣ್ಣಿನ ಜಾಮನ್ನೂ ಮಾತನ್ನೂ ಹಂಚಿಕೊಂಡರು.

1851ರ ಜನಗಣತಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳಾಗಿದ್ದ ಆ ದೇಶಕ್ಕೆ ಹಳ್ಳಿಯ ಹರಟೆಯ ಹಂಬಲ ಮಾತ್ರ ಹೋಗಲಿಲ್ಲ. 1951ರ ಜನವರಿ 1ರಿಂದ ಬಿ.ಬಿ.ಸಿ. ದೇಶಕ್ಕೆಲ್ಲ ಪ್ರಸಾರ ಮಾಡತೊಡಗಿದ ‘ಆರ್ಚರ್ಸ್’ ಎಂಬ ರೇಡಿಯೋ ಧಾರಾವಾಹಿ, ರೈತರಿಗೆ ಬೇಸಾಯದ ಸಲಹೆ ಕೊಡುವ ಉದ್ದೇಶದಿಂದ ಹುಟ್ಟಿ, ಆಂಬ್ರಿಜ್ ಎಂಬ ಇಲ್ಲದ ಊರಿನ ಸುದ್ದಿಯನ್ನು ಇಂದಿಗೂ ಹೇಳುತ್ತಿದೆ. 1955ರಲ್ಲಿ ಅದರ ಪಾತ್ರವೊಂದು ಬೆಂಕಿಯಲ್ಲಿ ಸತ್ತಾಗ ಕೇಳುಗರು ನೆಂಟರೇ ಸತ್ತಂತೆ ದುಃಖಪಟ್ಟರು. ನಿಜವಾದ ಹಳ್ಳಿಗಳಲ್ಲಿ ಈ ನಡುವೆ ಅಂಚೆಮನೆ ಮುಚ್ಚಿ, ಪಬ್ಬು ಮುಚ್ಚಿ, ಒಬ್ಬ ಪಾದ್ರಿ ಹಲವು ಊರುಗಳನ್ನು ನೋಡಿಕೊಳ್ಳುವಂತಾಗಿ, ಕೂಲಿಗಾರರ ಮನೆಗಳಲ್ಲಿ ನಗರದ ಹಣವಂತರು ವಾರಾಂತ್ಯಕ್ಕೆ ಬಂದಿಳಿಯುತ್ತಿದ್ದಾರೆ. ಅವರಿಗೆ ಊರಮಾತು ಬೇಕು. ಅದರಿಂದ ಅವರಿಗೆ ನಷ್ಟವೇನೂ ಇಲ್ಲ. ಕೆಲಸ ಹೋದೊಡನೆ ಮನೆಯಿಂದ ಹೊರಹಾಕುವುದರ ವಿರುದ್ಧ ಇಂಗ್ಲೆಂಡಿನ ಕೃಷಿಕಾರ್ಮಿಕನಿಗೆ ಕಾನೂನಿನ ರಕ್ಷಣೆ ದೊರೆತುದು 1976ರಲ್ಲಿ. ಮಿಟ್‌ಫರ್ಡಳ ಬಿಸಿಲನ್ನು ಮೆಚ್ಚುವ ನಮ್ಮ ಓದುಗರು ಆ ವರ್ಷವನ್ನು ನೆನಪಿನಲ್ಲಿಟ್ಟುಕೊಂಡು ವುಡ್‌ಫೋರ್ಡನ ದಿನಚರಿಯನ್ನೂ ಫ್ಲೋರಾ ಥಾಮ್ಸನ್ನಳ ಪುಸ್ತಕವನ್ನೂ ಮಿಟ್‌ಫರ್ಡಳ ಸಂಪುಟಗಳ ಪಕ್ಕದಲ್ಲಿರಿಸಿ ಓದಬೇಕೆಂದು ಕೋರುತ್ತೇನೆ.